ಹರಿ ಅಂದ್ರೆ ಯಾವ ಹರಿ? ಎರಡಕ್ಷರದ ಹಿಂದೆ ಬಿದ್ದ ನನ್ನ ಅನುಭವ

ನಮ್ಮೂರು ಹರಿಹರ. ಹುಟ್ಟಿದಾಗಿಂದ ದಿನಕ್ಕೆ ಹತ್ತು ಸಲನಾದ್ರೂ ಬಾಯಲ್ಲಿ ಹರಿ ಅಂತ ಬಂದಿರುತ್ತೆ. ಬಸ್ ಬೋರ್ಡಲ್ಲಿ ಹರಿ, ರೈಲ್ವೆ ಸ್ಟೇಷನ್ ಬೋರ್ಡಲ್ಲಿ ಹರಿ, ಸ್ಕೂಲಲ್ಲಿ ಪಕ್ಕ ಕೂತವನ ಹೆಸರೂ ಹರಿ. ಆದ್ರೂ ಈ ಪದದ ಹಿಂದೆ ನಾನು ಬಿದ್ದಿದ್ದು ನಲವತ್ತು ದಾಟಿದ ಮೇಲೆ, ಅದೂ ಒಂದು ಆಕ್ಸಿಡೆಂಟ್ ಸುದ್ದಿಯ ಹೆಡ್‌ಲೈನ್ ನೋಡಿ.

ನಾನು ಪೇಪರ್ ಡೆಸ್ಕಲ್ಲಿ ಕೆಲಸ ಮಾಡೋನು. ವರದಿಗಾರರು ಕಳಿಸಿದ್ದನ್ನ ತಿದ್ದೋದು, ಹೆಡ್‌ಲೈನ್ ಕೊಡೋದು, ಪೇಜ್ ಕಟ್ಟೋದು. ಡೆಸ್ಕಲ್ಲಿ ಇರೋರಿಗೆ ಚಿಕ್ಕ ಪದ ಅಂದ್ರೆ ಚಿನ್ನ ಇದ್ದಂಗೆ, ಸಿಂಗಲ್ ಕಾಲಂನಲ್ಲಿ ಹೆಡ್‌ಲೈನ್ ಕೂರಿಸಬೇಕು ಅಂದ್ರೆ ಒಂದೊಂದಕ್ಷರಕ್ಕೂ ಒದ್ದಾಟ, ಅದ್ರಲ್ಲಿ ಹರಿ ಅನ್ನೋದು ಯಾವಾಗ್ಲೂ ಕೈಗೆ ಸಿಗೋ ಪದ. ಲಾರಿ ಹರಿದು ಬೈಕ್ ಸವಾರ ಸಾವು. ನಾಲೆಗೆ ಹರಿದ ನೀರು. ದೇವಸ್ಥಾನಕ್ಕೆ ಹರಿದು ಬಂದ ಜನಸಾಗರ. ನಾಲಿಗೆ ಹರಿಬಿಟ್ಟ ಶಾಸಕ. ಜಾಲತಾಣದಲ್ಲಿ ಹರಿದಾಡಿದ ವಿಡಿಯೋ. ಬಗೆಹರಿಯದ ಬಿಕ್ಕಟ್ಟು. ಒಂದೇ ದಿನದ ಪೇಪರಲ್ಲಿ ಇಷ್ಟೂ ಇರುತ್ತೆ, ನಾವ್ಯಾರೂ ಗಮನಿಸಲ್ಲ.

ಆ ವರ್ಷ ನಮ್ಮಲ್ಲಿ ಇಂಟರ್ನ್‌ಶಿಪ್ಪಿಗೆ ಒಂದು ಹುಡುಗಿ ಬಂದಿದ್ಲು. ಮನೇಲಿ ತೆಲುಗು, ಸ್ಕೂಲು ಇಂಗ್ಲಿಷ್ ಮೀಡಿಯಂ, ಕನ್ನಡ ಆಮೇಲೆ ಇಷ್ಟಪಟ್ಟು ಕಲಿತಿದ್ದು. ಒಂದು ರಾತ್ರಿ ಪೇಜ್ ಪ್ರೂಫ್ ಹಿಡ್ಕೊಂಡು ಬಂದು ಕೇಳಿದ್ಲು, 'ಸರ್, ಬಸ್ ಹರಿದು ಇಬ್ಬರ ಸಾವು ಅಂತ ಇದೆ, ಬಸ್ಸು ಹರಿದು ಹೋಯ್ತಾ? ಬಟ್ಟೆ ತಾನೇ ಹರಿಯೋದು?' ಎಲ್ರೂ ನಕ್ವಿ. ನಾನು ಸೀನಿಯರ್ ಅಲ್ವಾ, ಗತ್ತಲ್ಲಿ ಹೇಳಿದೆ, 'ಇಲ್ಲಮ್ಮ, ಇದು ನೀರು ಹರಿಯೋ ಹರಿ, ಬಟ್ಟೆ ಹರಿಯೋದೂ ಅದೇ, ಎಲ್ಲಾ ಸಂಸ್ಕೃತದ ಹರಿಯಿಂದ ಬಂದಿದ್ದು, ವಿಷ್ಣು ಪಾದದಿಂದ ಗಂಗೆ ಹರಿದು ಬಂದ್ಲಲ್ಲ ಅದಕ್ಕೇ ಹರಿ.' ಹೇಳ್ತಾ ಹೇಳ್ತಾ ನನಗೇ ಎಷ್ಟು ಚೆನ್ನಾಗಿದೆ ಅನ್ನಿಸ್ತು. ಅಲ್ಲಿಗೆ ಬಿಟ್ಟಿದ್ರೆ ಬಚಾವಾಗ್ತಿದ್ದೆ, ಆ ವಾರದ ಪುರವಣಿಯಲ್ಲಿ ಒಂದು ಬಾಕ್ಸ್ ಖಾಲಿ ಇತ್ತು, ಇದನ್ನೇ ನೂರು ಪದದಲ್ಲಿ ಬರೆದು ತುಂಬಿಸಿಬಿಟ್ಟೆ.

ನಾಲ್ಕನೇ ದಿನಕ್ಕೆ ಒಂದು ಪೋಸ್ಟ್‌ಕಾರ್ಡ್ ಬಂತು. ರಿಟೈರ್ ಆದ ಕನ್ನಡ ಮೇಷ್ಟ್ರು ಯಾರೋ, ಮುತ್ತು ಪೋಣಿಸಿದಂಥ ಅಕ್ಷರ. ಬೈದಿರಲಿಲ್ಲ. 'ನೀವು ಹಕಾರದಲ್ಲಿ ಹುಡುಕಿದ್ದೀರಿ. ಪಕಾರದಲ್ಲಿ ಹುಡುಕಿ. ಎರಡು ಸಲ ಹುಡುಕಿ' ಅಂತ ಇಷ್ಟೇ. ಬೈದಿದ್ರೇ ವಾಸಿಯಿತ್ತು ಅನ್ಸುತ್ತೆ, ನಾನು ಯಾವ ಅಕ್ಷರದಲ್ಲೂ ಹುಡುಕಿರಲಿಲ್ಲವಲ್ಲ!

ಅಲ್ಲಿಂದ ಶುರುವಾಗಿದ್ದು ಇದು. ಸುಮಾರು ಎರಡು ವರ್ಷ ಬಿಡುವಾದಾಗೆಲ್ಲ ಮಾಡಿದೆ. ಭಾಷಾಶಾಸ್ತ್ರ ಓದಿದವನಲ್ಲ ನಾನು, ಬಿಕಾಂ. ಅದಕ್ಕೇ ಹೆಂಗೆ ಮಾಡಿದೆ, ಎಲ್ಲೆಲ್ಲಿ ಎಡವಿದೆ ಅಂತ ಇಲ್ಲಿ ಬರೀತಿದೀನಿ, ನನ್ನಂಥೋರು ಯಾರಾದ್ರೂ ಇನ್ನೊಂದು ಪದ ಹಿಡಿದು ಕೂತ್ರೆ ಅನುಕೂಲ ಆಗ್ಲಿ.

ಮೊದಲು ಮಾಡಿದ್ದು ನಿಘಂಟು ನೋಡೋದಲ್ಲ, ಕೇಳೋದು. ಹಳೇ ಪ್ರೂಫ್ ಶೀಟುಗಳನ್ನ ನಾಲ್ಕು ತುಂಡು ಮಾಡಿ ಜೇಬಲ್ಲಿ ಇಟ್ಕೊಂಡೆ. ಯಾರ ಬಾಯಲ್ಲಾದ್ರೂ ಹರಿ ಬಂದ್ರೆ ಆ ಪೂರ್ತಿ ವಾಕ್ಯ ಬರ್ಕೊಳ್ಳೋದು. ಪದ ಒಂದೇ ಬರ್ಕೊಂಡ್ರೆ ಪ್ರಯೋಜನ ಇಲ್ಲ, ವಾಕ್ಯನೇ ಬೇಕು. ಟೀ ಅಂಗಡೀಲಿ 'ಗಂಟ್ಲು ಹರ್ಕೊಂಡ್ರೂ ಕೇಳಲ್ಲ ಇವ್ನಿಗೆ'. ಬ್ಯಾಂಕಲ್ಲಿ ಕ್ಯೂ ನಿಂತವರು 'ಅಂತೂ ಸಾಲ ಹರೀತಪ್ಪ'. ಪಕ್ಕದ ಮನೆ ಅಜ್ಜಿ 'ಅವ್ರಿಗೂ ನಮಗೂ ನಂಟು ಹರಿದು ಎಷ್ಟೋ ವರ್ಷ ಆಯ್ತು'. ಗದ್ದೆ ಹತ್ರ 'ಹಾವು ಹರಿದ ಜಾಡು ನೋಡು'. ನಮ್ಮವ್ವ ಫೋನಲ್ಲಿ 'ಹರ್ಯಾಗ ಎದ್ದು ಹೊಂಟ್ರ ಮಧ್ಯಾಹ್ನಕ್ಕ ಮುಟ್ತೀಯ', ಹರ್ಯಾಗ ಅಂದ್ರೆ ಬೆಳಕು ಹರಿಯೋ ಹೊತ್ತಲ್ಲಿ. ಡಾಕ್ಟರ್ ಹತ್ರ 'ಕಣ್ಣು ಹರಿಯೋಷ್ಟು ದೂರ ಮಂಜು ಮಂಜು'. ಹರಕು ಬಾಯಿ, ಹರಿತವಾದ ಚಾಕು, ಹರಿಹಾಯ್ದ, ಗಮನ ಹರಿಸಿ, 'ನಿನ್ನ ಹರಿಕಥೆ ಸಾಕು ವಿಷಯಕ್ಕೆ ಬಾ'. ಮೂರು ತಿಂಗಳಲ್ಲಿ ನೂರಾ ಎಪ್ಪತ್ತು ಚೀಟಿ ಆಯ್ತು, ಮನೆಯವಳು ಒಗೆಯೋಕೆ ಹಾಕಿದ ಪ್ಯಾಂಟ್ ಜೊತೆ ಒಂದು ಹತ್ತಿಪ್ಪತ್ತು ನೀರು ಪಾಲಾದ್ವು, ಆಮೇಲೆ ಬುದ್ಧಿ ಬಂದು ಮೊಬೈಲಲ್ಲಿ ಶೀಟ್ ಮಾಡ್ಕೊಂಡೆ.

ಆಮೇಲೆ ಮೇಷ್ಟ್ರು ಹೇಳಿದ ಪಕಾರ. ಇದು ಗೊತ್ತಿರೋರಿಗೆ ಸಣ್ಣ ವಿಷಯ, ನನಗೆ ಮಾತ್ರ ಬಾಗಿಲು ತೆಗೆದಂಗಾಯ್ತು. ಹಳೆಗನ್ನಡದಲ್ಲಿ ಪ ಇಂದ ಶುರುವಾಗ್ತಿದ್ದ ನಮ್ಮ ಸ್ವಂತ ಪದಗಳಲ್ಲಿ ಬಹುಪಾಲು ಆಮೇಲೆ ಹ ಆದ್ವು. ಪಾಲ್ ಹಾಲಾಯ್ತು, ಪುಲಿ ಹುಲಿ ಆಯ್ತು, ಪಾವು ಹಾವಾಯ್ತು, ಪಲ್ ಹಲ್ಲಾಯ್ತು. ತಮಿಳರು ಇವತ್ತಿಗೂ ಪಾಲ್, ಪುಲಿ ಅಂತಾನೇ ಅನ್ನೋದು. ಸಂಸ್ಕೃತದಿಂದ ಬಂದ ಪಾಪ, ಪರಿಮಳ, ಪುಣ್ಯ ಇವೆಲ್ಲ ಹಂಗೇ ಉಳ್ಕೊಂಡ್ವು. ಹಾಗಾಗಿ ನಮ್ಮ ಮನೆಯ ಹರಿ ಏನಾದ್ರೂ ಇದ್ರೆ ಅದು ಹಿಂದೆ ಪರಿ ಆಗಿರ್ಬೇಕು, ದೇವರ ಹೆಸರಿನ ಹರಿ ಮಾತ್ರ ಯಾವತ್ತೂ ಹರಿನೇ. ಗಂಗೆ ವಿಷ್ಣು ಪಾದ ಎಲ್ಲಾ ಕಟ್ಟಿದ್ನಲ್ಲ ನಾನು, ಅದು ಅಲ್ಲೇ ಬಿದ್ದೋಯ್ತು.

ಕಿಟೆಲ್ ನಿಘಂಟಿನ ಪಿಡಿಎಫ್ ಇಳಿಸ್ಕೊಂಡೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನೋರು ಅಚ್ಚು ಹಾಕಿದ್ದು, ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟೆಲ್ ವರ್ಷಗಟ್ಟಲೆ ಕೂತು ಮಾಡಿದ್ದು. ಅದ್ರಲ್ಲಿ ಪರಿ ಹತ್ರ ಹೋದ್ರೆ ದೊಡ್ಡ ಸಂತೆ. ಸಂಸ್ಕೃತದ ಪರಿ ಉಪಸರ್ಗ ಹಚ್ಚಿಕೊಂಡ ಪದಗಳೇ ಪುಟಗಟ್ಟಲೆ, ಪರಿಹಾರ ಪರಿಚಯ ಪರಿಸರ ಪರಿಣಾಮ ಅಂತ, ಅದ್ರ ನಡುವೆ ನಮ್ಮ ಪರಿನ ಹುಡುಕೋದು ಜಾತ್ರೇಲಿ ಮಗು ಹುಡುಕಿದಂಗೆ. ಸಿಕ್ತು. ಪರಿ ಅಂದ್ರೆ ಓಡು, ಹರಿ, ಮುಂದಕ್ಕೆ ಸಾಗು. ಅದನ್ನ ಓದಿ ಖುಷಿಯಾಗಿ ಪುಸ್ತಕ ಮುಚ್ಚಿಬಿಟ್ಟೆ, ಅಂದ್ರೆ ಪಿಡಿಎಫ್ ಮುಚ್ಚಿಬಿಟ್ಟೆ. ಆದ್ರೆ ಬಟ್ಟೆ ಹರಿಯೋದು ಅಲ್ಲಿ ಸರಿಯಾಗಿ ಕೂರ್ತಿರಲಿಲ್ಲ. ಓಡೋದಕ್ಕೂ ಚಿಂದಿಯಾಗೋದಕ್ಕೂ ಏನು ಸಂಬಂಧ? ಎರಡು ಸಲ ಹುಡುಕಿ ಅಂದಿದ್ರಲ್ಲ ಮೇಷ್ಟ್ರು, ಅದು ಯಾಕೆ ಅಂತ ತಲೆಗೆ ಹೋಗೋಕೆ ಎರಡು ತಿಂಗಳು ಬೇಕಾಯ್ತು.

ಹಳೆಗನ್ನಡದಲ್ಲಿ ಎರಡು ರ ಇತ್ತು. ಒಂದು ಈಗ ನಾವು ಬರೆಯೋ ರ. ಇನ್ನೊಂದು ಱ, ಬಂಡಿ ಆಕಾರ ಅಂತ ಅದಕ್ಕೆ ಶಕಟರೇಫ ಅಂತ ಹೆಸರು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸಂಸ್ಕೃತದಲ್ಲಿಲ್ಲದ, ಕನ್ನಡದ್ದೇ ಆದ ದೇಶೀಯ ಅಕ್ಷರ ಅಂತ ಎಣಿಸೋದ್ರಲ್ಲಿ ಇದೂ ಒಂದು. ಆ ಅಕ್ಷರ ನಮ್ಮ ಬಾಯಿಂದಾನೂ ಹೋಯ್ತು, ಆಮೇಲೆ ವರ್ಣಮಾಲೆಯಿಂದಾನೂ ಹೋಯ್ತು. ಬಟ್ಟೆ ಹರಿಯೋ ಹರಿ ಹಿಂದೆ ಪಱಿ ಆಗಿತ್ತು, ಕೀಳು, ಕತ್ತರಿಸು, ತುಂಡು ಮಾಡು ಅಂತ. ನೀರು ಹರಿಯೋದು ಪರಿ. ಪಂಪ 941ರ ಸುಮಾರಿಗೆ ಬರೀತಿದ್ದ ಕಾಲದಲ್ಲಿ ಇವು ಮೂರೂ ಕಿವಿಗೆ ಬಿದ್ದ ತಕ್ಷಣ ಬೇರೆ ಬೇರೆ: ಪರಿ, ಪಱಿ, ಹರಿ. ಒಬ್ರಿಗೊಬ್ರು ಮುಖನೂ ಹೋಲ್ತಿರಲಿಲ್ಲ. ಆಮೇಲೆ ಪ ಹೋಗಿ ಹ ಬಂತು, ಱ ಹೋಗಿ ರ ಬಂತು, ಮೂರೂ ಒಂದೇ ಅಂಗಿ ಹಾಕ್ಕೊಂಡು ನಿಂತ್ವು. ಕುಮಾರವ್ಯಾಸನ ಹೊತ್ತಿಗೆ ಎಲ್ಲಾ ಹರಿನೇ.

ಇದನ್ನ ಪುಸ್ತಕದಲ್ಲಿ ಓದಿದ್ರೂ ನಂಗೆ ಆ ಎರಡು ರ ಕಿವೀಲಿ ಕೇಳಬೇಕಿತ್ತು. ಕೇಳಿಸಿದ್ದು ನಮ್ಮ ಫೋಟೋಗ್ರಾಫರ್, ಪಾಲಕ್ಕಾಡಿನೋರು. ಮಲಯಾಳಂನಲ್ಲಿ ಈ ಎರಡೂ ರ ಇವತ್ತಿಗೂ ಜೀವಂತ. ಅವ್ರು ಹೇಳಿದ್ರು, 'ನಮ್ಮಲ್ಲಿ ಹೂವು ಕೀಳೋದಕ್ಕೆ ಪಱಿ ಅಂತೀವಿ'. ಅದೇ ನಮ್ಮ ಹರಿ! ತಮಿಳಲ್ಲೂ ಹೂ ಕೀಳೋದಕ್ಕೆ ಅದೇ ಪದ. ಅವ್ರಿಗೆ ಇನ್ನೊಂದು ಜೋಡಿ ಹೇಳಿ ಅಂತ ದುಂಬಾಲು ಬಿದ್ದೆ, ಕರ ಅಂದ್ರೆ ದಡ, ಕಱ ಅಂದ್ರೆ ಕಲೆ ಅಂದ್ರು. ನಮ್ಮ ಕರೆನೂ ಹಂಗೇ, ಹೊಳೆ ದಡಕ್ಕೂ ಕರೆ ಬಟ್ಟೆ ಮೇಲಿನ ಕಲೆಗೂ ಕರೆ, ಹಳೆಗನ್ನಡದಲ್ಲಿ ಒಂದು ಕರೆ ಇನ್ನೊಂದು ಕಱೆ. ನಾನು ಹತ್ತು ಸಲ ಹೇಳಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡೆ, ಒಂದು ರ ನಾಲಿಗೆ ತುದಿ ಮೆತ್ತಗೆ ತಾಗಿಸಿ, ಇನ್ನೊಂದು ಸ್ವಲ್ಪ ಗಡುಸಾಗಿ ಹೊರಳಿಸಿ. ಕ್ಯಾಂಟೀನಲ್ಲಿ ಇಬ್ರು ಗಂಡಸ್ರು ರ ರ ಅಂತ ಕೂತಿದ್ದು ನೋಡಿ ಕ್ಯಾಷಿಯರ್ ಏನಂದ್ಕೊಂಡ್ರೋ.

ಇನ್ನು ವಿಂಗಡಿಸೋ ಕೆಲಸ. ನೂರೈವತ್ತು ಚಿಲ್ಲರೆ ವಾಕ್ಯ ಇದೆ, ಯಾವುದು ಪರಿ ಯಾವುದು ಪಱಿ ಅಂತ ಹೆಂಗೆ ಹೇಳೋದು? ಈಗಿನ ಕನ್ನಡದಲ್ಲಿ ಎರಡಕ್ಕೂ ಹರಿದ, ಹರಿಯುತ್ತೆ, ಹರಿದು. ನಿಘಂಟು ಎಲ್ಲಾ ವಾಕ್ಯಕ್ಕೂ ಉತ್ತರ ಕೊಡಲ್ಲ. ನಾನು ಕಂಡ್ಕೊಂಡ ಉಪಾಯ ಅಂದ್ರೆ ಪದಾನ ನೋಡಬಾರ್ದು, ಪದದ ನೆಂಟರನ್ನ ನೋಡಬೇಕು. ನೀರಿನ ಹರಿಗೆ ಹರಿವು ಅಂತ ಮಗ ಇದಾನೆ, ಬಟ್ಟೆ ಹರಿಗೆ ಹರಕು ಅಂತ ಮಗ. ನೀರಿನ ಹರಕು ಅಂತ ಯಾರೂ ಅನ್ನಲ್ಲ, ಅಂಗಿಯ ಹರಿವು ಅಂತಾನೂ ಅನ್ನಲ್ಲ. ಇನ್ನೊಂದು ಪರೀಕ್ಷೆ, ಬೇರೆಯವರು ಮಾಡಿದಾಗ ಏನಂತೀವಿ? ನೀರನ್ನ ನಾವು ಹರಿಸ್ತೀವಿ. ಬಟ್ಟೆನ ನಾವು ಹರಿಸಲ್ಲ, ಹರೀತೀವಿ, ಹರಿದು ಹಾಕ್ತೀವಿ. ಮೂರನೇದು, ಜಾಗದಲ್ಲಿ ಇನ್ನೊಂದು ಪದ ಇಟ್ಟು ನೋಡೋದು, ಕಿತ್ತು ಹೋಯ್ತು ಅಂದ್ರೆ ಸರಿಯಾಗುತ್ತಾ, ಸಾಗಿತು ಅಂದ್ರೆ ಸರಿಯಾಗುತ್ತಾ.

ಈ ಪರೀಕ್ಷೆಗೆ ಹಾಕಿದಾಗ ಎಷ್ಟೋ ತಾನಾಗೇ ಕೂತ್ವು. ನಂಟು ಹರಿಯೋದು, ತಾಳಿ ಹರಿಯೋದು, ಗಂಟಲು ಹರ್ಕೊಳ್ಳೋದು, ಹರಕು ಬಾಯಿ, ಹರಿತವಾದ ಚಾಕು ಎಲ್ಲಾ ಪಱಿ ಕಡೆ. ಗಮನ ಹರಿಸೋದು, ಕಣ್ಣು ಹರಿಯೋದು, ಹಾವು ಹರಿಯೋದು, ನಾಲಿಗೆ ಹರಿಬಿಡೋದು ಪರಿ ಕಡೆ. ವಿಡಿಯೋ ಹರಿದಾಡೋದು ನೋಡಿ, ವೈರಲ್ ಅನ್ನೋದಕ್ಕೆ ಯಾವ ಸಮಿತಿನೂ ಕೂತು ಪದ ಮಾಡಲಿಲ್ಲ, ಹಾವಿಗೆ ಹೇಳ್ತಿದ್ದ ಪದಾನ ನಮ್ಮ ಹುಡುಗ್ರು ಎತ್ತಿ ವಾಟ್ಸಾಪಿಗೆ ಹಾಕಿದ್ರು, ಎಷ್ಟು ಸರಿಯಾಗಿ ಕೂತಿದೆ ಅಂದ್ರೆ ಅದು ಕಚ್ಚುತ್ತೆ ಕೂಡ.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಆ ಬಸ್ಸು. ಬಸ್ ಹರಿದು ಅನ್ನೋದು ನೀರಿನ ಥರ ಹರಿದಿದ್ದಲ್ಲ. ಹಳೆಗನ್ನಡದಲ್ಲಿ ಪರಿ ಅಂದ್ರೆ ಮೊದಲು ಓಡು. ಕುದುರೆ ಪರಿಯುತ್ತೆ, ಸೈನಿಕರು ಪರೀತಾರೆ. ನೀರಿಗೆ ಆ ಪದ ಗಟ್ಟಿಯಾಗಿ ಅಂಟ್ಕೊಂಡಿದ್ರಿಂದ ಓಡೋ ಅರ್ಥ ಮಾತಲ್ಲಿ ಮರೆತೇಹೋಯ್ತು, ಆದ್ರೆ ಎರಡು ಕಡೆ ಬಚ್ಚಿಟ್ಕೊಂಡು ಉಳ್ದಿದೆ, ಒಂದು ಹರಿಹಾಯೋದು ಅನ್ನೋದ್ರಲ್ಲಿ, ಅಂದ್ರೆ ಓಡಿಬಂದು ಮೇಲೆ ಬೀಳೋದು, ಇನ್ನೊಂದು ನಮ್ಮ ಆಕ್ಸಿಡೆಂಟ್ ಹೆಡ್‌ಲೈನಲ್ಲಿ. ಸಾವಿರ ವರ್ಷದ ಹಿಂದಿನ ಕುದುರೆ ಓಟ ಇವತ್ತು ಲಾರಿ ಚಕ್ರದ ಕೆಳಗೆ ಸಿಕ್ಕಿದೆ. ಆ ಹುಡುಗಿ ಕೇಳದೇ ಇದ್ದಿದ್ರೆ ನಾನು ಸಾಯೋವರೆಗೂ ಅದನ್ನ ನೀರು ಅಂತಲೇ ಅಂದ್ಕೊಂಡಿರ್ತಿದ್ದೆ.

ಕುದುರೆ ಅಂದ್ನಲ್ಲ, ಅಲ್ಲೊಂದು ದೊಡ್ಡ ಗುಂಡಿಗೆ ಬಿದ್ದೆ. ತಮಿಳಲ್ಲಿ ಪರಿ ಅಂದ್ರೆ ಕುದುರೆ ಅಂತಾನೂ ಇದೆ. ಸಂಸ್ಕೃತದ ಹಳೇ ನಿಘಂಟು ಅಮರಕೋಶದಲ್ಲಿ ಹರಿ ಅನ್ನೋದಕ್ಕೂ ಕುದುರೆ ಅನ್ನೋ ಅರ್ಥ ಇದೆ. ನೋಡಿದ ತಕ್ಷಣ ಎದೆ ಡವಗುಟ್ತು, ಆಹಾ ಎರಡೂ ಒಂದೇ, ಪ ಹ ಆಗಿದೆ ಅಷ್ಟೆ, ದೊಡ್ಡ ಸಂಶೋಧನೆ ಆಯ್ತು ಅಂತ ರಾತ್ರಿ ಹನ್ನೆರಡಕ್ಕೆ ನಾಲ್ಕು ಜನಕ್ಕೆ ಮೆಸೇಜ್ ಹಾಕಿದೆ. ಬೆಳಿಗ್ಗೆ ಎದ್ದು ಯೋಚ್ನೆ ಮಾಡಿದ್ರೆ ನಾಚಿಕೆಯಾಯ್ತು. ಸಂಸ್ಕೃತದ ಹರಿ ಋಗ್ವೇದದಲ್ಲೇ ಇದೆ, ಇಂದ್ರನ ಕುದುರೆಗಳಿಗೆ ಅಲ್ಲಿ ಹರಿ ಅಂತಾನೇ ಹೇಳೋದು. ಪ ಹ ಆಗಿದ್ದು ಕನ್ನಡದಲ್ಲಿ, ಅದೂ ಎಷ್ಟೋ ಶತಮಾನ ಆದ್ಮೇಲೆ. ಅದಕ್ಕಿದು, ಇದಕ್ಕದು ಅಪ್ಪ ಆಗೋಕೆ ಸಾಧ್ಯನೇ ಇಲ್ಲ, ಬರೀ ಕಾಕತಾಳೀಯ. ಎರಡು ಪದ ಒಂದೇ ಥರ ಕೇಳಿಸಿ ಒಂದೇ ಅರ್ಥನೂ ಕೊಟ್ರೆ ಖುಷಿಪಡೋ ಮೊದಲು ಯಾವುದು ಯಾವ ಕಾಲದಲ್ಲಿ ಹೆಂಗಿತ್ತು ಅಂತ ನೋಡ್ಬೇಕು, ಇದನ್ನ ಶೀಟಿನ ಮೇಲೆ ಕೆಂಪಕ್ಷರದಲ್ಲಿ ಬರ್ಕೊಂಡೆ.

ಸಂಸ್ಕೃತದ ಹರಿ ಕಡೆ ಬಂದ್ರೆ ಅದೊಂದೇ ದೊಡ್ಡ ಸಂಸಾರ. ಅಮರಕೋಶದ ನಾನಾರ್ಥವರ್ಗದಲ್ಲಿ ಒಂದೇ ಶ್ಲೋಕದಲ್ಲಿ ಹದಿನಾಲ್ಕು ಅರ್ಥ ತುಂಬಿದಾನೆ ಅಮರಸಿಂಹ: ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ, ಆಮೇಲೆ ಕಪಿಲ ಬಣ್ಣ. ನಮ್ಮ ಸಿಂಗಲ್ ಕಾಲಂ ಹೆಡ್‌ಲೈನಿಗೆ ಇಂಥೋನು ಬೇಕಿತ್ತು. ಮೊದಲು ಓದಿದಾಗ ದೇವರಿಗೂ ಕಪ್ಪೆಗೂ ಒಂದೇ ಹೆಸರಾ ಅಂತ ನಗು ಬಂತು, ಆದ್ರೆ ಕೊನೆಯಲ್ಲಿರೋ ಬಣ್ಣನ ಹಿಡ್ಕೊಂಡ್ರೆ ದಾರಿ ಸಿಗುತ್ತೆ. ಹರಿ ಅಂದ್ರೆ ಮೂಲದಲ್ಲಿ ಹಳದಿ, ಹೊಂಬಣ್ಣ, ಹಸಿರು ಹಳದಿ ನಡುವಿನ ಬಣ್ಣ. ಸಿಂಹದ ಕೂದಲು, ಕೋತಿ ಮೈ, ಗಿಳಿ, ಕಪ್ಪೆ, ಸೂರ್ಯನ ಕಿರಣ ಎಲ್ಲಾ ಆ ಬಣ್ಣದ ಆಸುಪಾಸು. ಅರಿಶಿನಕ್ಕೆ ಸಂಸ್ಕೃತದಲ್ಲಿ ಹರಿದ್ರಾ, ಹಸಿರಿಗೆ ಹರಿತ, ಬಂಗಾರಕ್ಕೆ ಹಿರಣ್ಯ, ಎಲ್ಲಾ ಒಂದೇ ಬೇರು. ಹೈಸ್ಕೂಲ್ ಸೈನ್ಸಲ್ಲಿ ಬಾಯಿಪಾಠ ಮಾಡಿದ್ವಲ್ಲ ಪತ್ರಹರಿತ್ತು, ಅದ್ರೊಳಗೆ ಕೂತಿರೋದೂ ಇದೇ ಹರಿ. ವಿಷ್ಣುಗೆ ಹರಿ ಅಂತ ಯಾಕೆ ಅಂದ್ರೆ ಪಂಡಿತರು ಪಾಪ ಹರಣ ಮಾಡೋನು ಅಂತ ಹೃ ಧಾತುವಿಂದ ಹೇಳ್ತಾರೆ, ಅದು ಭಕ್ತಿಯ ದಾರಿ, ಅದ್ರ ಜೊತೆ ನಾನು ಜಗಳಕ್ಕಿಲ್ಲ.

ಈ ಹಳದಿ ಬೇರು ಇರಾನ್ ಕಡೆ ಹೋಗಿ ಹ ಇದ್ದ ಜಾಗದಲ್ಲಿ ಜ಼ ಆಗಿದೆ. ಪರ್ಷಿಯನ್‌ನಲ್ಲಿ ಚಿನ್ನಕ್ಕೆ ಜ಼ರ್, ಹಳದಿಗೆ ಜ಼ರ್ದ್. ನಮ್ಮಮ್ಮನ ಮದುವೆ ಸೀರೆ ಜರಿ, ಪಾನ್ ಅಂಗಡಿ ಜರ್ದಾ ಎರಡೂ ಆ ಕಡೆಯಿಂದ ಬಂದಿದ್ದು. ಹಂಗಾಗಿ ಹರಿ ನಾಮಸ್ಮರಣೆಗೂ ಜರ್ದಾ ಡಬ್ಬಿಗೂ ದೂರದ ನೆಂಟಸ್ತಿಕೆ ಇದೆ ಅಂತ ಆಫೀಸಲ್ಲಿ ಹೇಳಿದಾಗ ಜರ್ದಾ ಹಾಕೋ ನಮ್ಮ ಹಿರಿಯ ಸಹೋದ್ಯೋಗಿ ಒಬ್ರು ಎದ್ದು ನಿಂತು ಕೈಮುಗಿದ್ರು.

ಹರಿತ ಅನ್ನೋ ಪದ ನೋಡಿ ಎಂಥ ಕಿಲಾಡಿ. ಸಂಸ್ಕೃತದ್ದಾದ್ರೆ ಹಸಿರು. ಕನ್ನಡದ್ದಾದ್ರೆ ಚೂಪು, ಕತ್ತರಿಸೋ ಪಱಿಯಿಂದ ಬಂದಿದ್ದು. ಅಕ್ಷರಕ್ಕಕ್ಷರ ಒಂದೇ. ಪಾಪ ಹರಕೆ ಅನ್ನೋದೂ ಹರಕು ಪಕ್ಕದಲ್ಲೇ ಇದೆ ಅಂತ ನಾನು ಒಂದು ವಾರ ಅದನ್ನ ಪಱಿ ಕಾಲಂಗೆ ಹಾಕಿದ್ದೆ. ಹರಕೆ ಬಂದಿದ್ದು ಪರಸು ಅನ್ನೋದ್ರಿಂದ, ಈಗಿನ ಹರಸು. ಬೇರೇನೇ ಮನೆ ಅದು.

ಆದ್ರೆ ಮಾನ ಕಳೆದಿದ್ದು ಹರಿಕಾರ. ಶ್ವೇತಕ್ರಾಂತಿಯ ಹರಿಕಾರ, ಸುಧಾರಣೆಯ ಹರಿಕಾರ ಅಂತ ಬರೀತೀವಲ್ಲ ಅದು. ಪರಿ ಅಂದ್ರೆ ಓಡು ಅಂತ ಹೊಸದಾಗಿ ಕಲ್ತಿದ್ನಲ್ಲ, ಹರಿ ಪ್ಲಸ್ ಕಾರ, ಓಡೋನು, ಮುಂದೆ ಓಡೋನು, ಅಂದ್ರೆ ಮುಂದಾಳು! ಹಳೇ ಅರ್ಥ ನೋಡಿದ್ರೆ ದೂತ, ಸುದ್ದಿ ಒಯ್ಯೋನು ಅಂತಾನೂ ಇದೆ, ಇನ್ನೇನು ಬೇಕು. ಲೆಕ್ಕ ಎಷ್ಟು ಚೆನ್ನಾಗಿ ಸರಿಹೋಯ್ತು ಅಂದ್ರೆ ಅನುಮಾನನೇ ಬರಲಿಲ್ಲ. ನಿಜ ಏನಂದ್ರೆ ಅದು ಪರ್ಷಿಯನ್ನಿನ ಹರ್‌ಕಾರಾ. ಹರ್ ಅಂದ್ರೆ ಪ್ರತಿ, ಕಾರ್ ಅಂದ್ರೆ ಕೆಲಸ, ಎಲ್ಲಾ ಕೆಲಸಕ್ಕೂ ಓಡಾಡೋ ಆಳು, ಓಲೆ ಒಯ್ಯೋ ಜವಾನ. ಮೊಗಲರ ಕಾಲದಲ್ಲಿ ಸುದ್ದಿ ತರೋರಿಗೂ ಬೇಹುಗಾರರಿಗೂ ಅದೇ ಹೆಸರು. ಜವಾನ ಆಗಿದ್ದೋನು ಕನ್ನಡಕ್ಕೆ ಬಂದು ಕ್ರಾಂತಿ ಮಾಡೋ ನಾಯಕ ಆಗ್ಬಿಟ್ಟ, ಇಷ್ಟು ದೊಡ್ಡ ಪ್ರಮೋಷನ್ ಬೇರೆ ಯಾವ ಪದಕ್ಕೂ ಸಿಕ್ಕಿರಲ್ಲ ಅನ್ಸುತ್ತೆ. ಅದನ್ನ ನೋಡಿದ್ಮೇಲೆ ನಮ್ಮ ಕಡೆ ಹಳಬರು ಅನ್ನೋ ಹರಕತ್ತಿಲ್ಲ ಅಂದ್ರೆ ಅಡ್ಡಿಯಿಲ್ಲ ಅನ್ನೋದನ್ನೂ ಹರಕು ಜೊತೆ ಸೇರಿಸದೇ ಎಚ್ಚರ ವಹಿಸಿದೆ, ಅದು ಅರಬ್ಬಿಯ ಹರಕತ್, ಮರಾಠಿ ದಾರೀಲಿ ಬಂದಿದ್ದು. ಶೀಟಲ್ಲಿ 'ಹೊರಗಿನೋರು' ಅಂತ ನಾಲ್ಕನೇ ಕಾಲಂ ಬಂತು.

ಸೊಗಸಾಗಿ ಕೂತ ಉತ್ತರನೇ ಹೆಚ್ಚು ಮೋಸ ಮಾಡೋದು, ಇದು ನನಗೆ ಎರಡು ಸಲ ಆಯ್ತು. ಮಿಕ್ಕೋರಿಗೆ ಆಗದಿರಲಿ ಅಂತ ಹೇಳ್ತಿದೀನಿ: ಒಂದು ಪದಕ್ಕೆ ಕಥೆ ಹೊಳೆದ್ರೆ ಅವತ್ತೇ ಯಾರಿಗೂ ಮೆಸೇಜ್ ಹಾಕ್ಬೇಡಿ. ಬರೋ ಅಷ್ಟು ದ್ರಾವಿಡ ಭಾಷೆಗಳಲ್ಲಿ ಅದು ಹೆಂಗಿದೆ ನೋಡಿ. ಅದಕ್ಕೆ ಟಿ. ಬರೋ, ಎಂ.ಬಿ. ಎಮಿನೋ ಅನ್ನೋ ಇಬ್ರು ವಿದ್ವಾಂಸರು ಮಾಡಿದ ದ್ರಾವಿಡ ವ್ಯುತ್ಪತ್ತಿ ಕೋಶ, ಅಂದ್ರೆ ಪದಗಳ ಮೂಲ ಹೇಳೋ ನಿಘಂಟು ಇದೆ, ಪರಿಷ್ಕೃತ ಎರಡನೇ ಆವೃತ್ತಿ 1984ರದ್ದು, ಶಿಕಾಗೋ ಯೂನಿವರ್ಸಿಟಿಯೋರು ಆನ್‌ಲೈನಲ್ಲಿ ಫ್ರೀಯಾಗಿ ಇಟ್ಟಿದಾರೆ, ನಂಬರ್ ಹಾಕಿ ಒಂದೊಂದು ಬೇರಿನ ಕೆಳಗೆ ತಮಿಳು ಮಲಯಾಳಂ ಕೊಡವ ತುಳು ತೆಲುಗು ಎಲ್ಲಾ ಸಾಲಾಗಿ ನಿಂತಿರ್ತವೆ. ಕನ್ನಡ ಪ್ರಯೋಗಕ್ಕೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ಕೊನೇ ಸಂಪುಟ 1995ಕ್ಕೆ ಬಂದಿದ್ದು, ಯಾವ ಕವಿ ಎಲ್ಲಿ ಬಳಸಿದಾನೆ ಅಂತ ಉದಾಹರಣೆ ಸಮೇತ ಸಿಗುತ್ತೆ. 'ಸಂಸ್ಕೃತದಿಂದ ಬಂದಿದ್ದು' ಅಂತ ಬಾಯಿಗೆ ಬಂದ ಹಾಗೆ ಹೇಳೋದು, ಅದಕ್ಕೆ ಎದುರಾಗಿ 'ಎಲ್ಲಾ ಅಚ್ಚಗನ್ನಡ' ಅಂತ ಹಟ ಹಿಡಿಯೋದು, ಎರಡೂ ಸೋಮಾರಿತನನೇ, ನಾನು ಎರಡನ್ನೂ ಮಾಡಿ ನೋಡಿದೀನಿ.

ಆ ವರ್ಷ ಕಾರಹುಣ್ಣಿಮೆಗೆ ಹೊಳೆ ದಾಟಿ ರಾಣೆಬೆನ್ನೂರು ಕಡೆ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಜೂನ್ ತಿಂಗಳು, ಎತ್ತಿಗೆಲ್ಲ ಬಣ್ಣ ಬಳಿದು, ಕೊಂಬಿಗೆ ಗೊಂಡೆ ಕಟ್ಟಿ, ಸಂಜೆ ಅಗಸಿ, ಅಂದ್ರೆ ಊರಬಾಗಿಲ ಹತ್ರ ಬೇವಿನ ಸೊಪ್ಪು ಕೊಬ್ಬರಿ ಕಟ್ಟಿದ ಹಗ್ಗ ಅಡ್ಡ ಹಿಡೀತಾರೆ. ಎತ್ತುಗಳನ್ನ ಓಡಿಸ್ತಾರೆ, ಮೊದಲು ಹೋಗಿ ಅದನ್ನ ಹರಿಯೋ ಎತ್ತು ಯಾವ ಬಣ್ಣದ್ದು ಅಂತ ನೋಡಿ ಮುಂಗಾರಿ ಚಲೋನೋ ಹಿಂಗಾರಿ ಚಲೋನೋ ಅಂತ ಹೇಳೋದು. ಕರಿ ಹರಿಯೋದು ಅಂತಾರೆ ಇದಕ್ಕೆ. ನನಗೆ ಕುತೂಹಲ, ಹಗ್ಗ ಹರಿಯೋದು ಅಂದ್ರೆ ಪಱಿ ಸರಿ, ಆದ್ರೆ ಎತ್ತು ಓಡೋದೂ ಇದೆಯಲ್ಲ, ಅದು ಪರಿ, ಎರಡೂ ಇಲ್ಲಿ ಕೂಡಿದ್ಯಾ ಅಂತ. ಮಾವನ್ನ ಕೇಳಿದೆ.

'ಮಾವ, ಇಲ್ಲಿ ಹರಿಯೋದು ಅಂದ್ರ ಓಡೋದೋ ಕಡಿಯೋದೋ?'

ಮಾವ ಎಲೆ ಅಡಿಕೆ ಒಂದು ದವಡಿಗೆ ಸರಿಸಿ ನನ್ನ ಮುಖ ನೋಡಿದ್ರು. 'ಹರೀತಾವ ಅಂದ್ರ ಹರೀತಾವ. ಪ್ಯಾಟ್ಯಾಗ ಇದನ್ನ ಓದಸ್ತಾರನು ನಿಮಗ?'

ಪಕ್ಕದಲ್ಲಿದ್ದ ಅವ್ರ ಗೆಳೆಯ ಸ್ವಲ್ಪ ಕರುಣೆ ಇದ್ದೋರು, 'ಹಗ್ಗ ಹರದ್ರ ಕರಿ ಹರದಂಗ. ಬರೇ ಓಡಿದ್ರ ಎತ್ತು ಮನೀಗೂ ಓಡ್ತೈತಿ' ಅಂದ್ರು. ನನ್ನ ಥಿಯರಿ ಅಲ್ಲೇ ತೀರ್ತು, ಪಱಿ ಕಾಲಂಗೆ ಬರ್ಕೊಂಡೆ. ಕರಿ ಅನ್ನೋ ಪದಕ್ಕೆ ಕಪ್ಪು, ಆನೆ, ಎಣ್ಣೇಲಿ ಬೇಯಿಸೋದು, ಈ ಹಗ್ಗ ಅಂತ ಮತ್ತೆ ನಾಲ್ಕು ದಾರಿ ಕಾಣಿಸಿದ್ರೂ ಆ ಕಡೆ ತಲೆ ಹಾಕಲಿಲ್ಲ, ರಜೆ ಇದ್ದಿದ್ದು ಎರಡೇ ದಿನ.

ಎಲ್ಲಾ ಮುಗಿದ್ಮೇಲೂ ಕೆಲವು ಹಠ ಮಾಡ್ಕೊಂಡು ಕೂತಿದಾವೆ. ಸಾಲ ಹರಿಯೋದು, ಜಗಳ ಹರಿಯೋದು, ಬಗೆಹರಿಯೋದು. ಗಂಟು ಕಡಿದ ಹಾಗೆ ಅಂದ್ಕೊಂಡ್ರೆ ಪಱಿ, ನಿಂತ ನೀರು ಸಾಗಿದ ಹಾಗೆ ಅಂದ್ಕೊಂಡ್ರೆ ಪರಿ. ನನ್ನ ಮಟ್ಟಿಗೆ ಕಡಿಯೋದೇ ಸರಿ ಅನ್ಸುತ್ತೆ, ಋಣ ಹರೀತು ಅನ್ನೋವಾಗ ಜನರ ಕೈ ನೋಡಿ, ದಾರ ಕಿತ್ತ ಹಾಗೆ ಮಾಡ್ತಾರೆ. ಆದ್ರೆ ಬಗೆಹರಿಸು ಅಂತಾನೂ ಅಂತೀವಿ, ಹರಿಸೋದು ಅಂದ್ರೆ ನೀರಿನ ಕಡೆ ಅಂತ ನಾನೇ ಮಾಡಿದ ಪರೀಕ್ಷೆ ಅಲ್ಲಿ ನನ್ನ ಕಾಲಿಗೇ ಸುತ್ಕೊಳ್ಳುತ್ತೆ. ಬೆಳಕು ಹರಿಯೋದಂತೂ ಇನ್ನೂ ಕಷ್ಟ. ಹಿಂದಿಯವರು ಪೌ ಫಟ್‌ನಾ ಅಂತಾರೆ, ಅಂದ್ರೆ ಬೆಳಗು ಸೀಳೋದು, ಅದನ್ನ ನೋಡಿ ಕತ್ತಲೆ ಹರೀತು ಅಂತ ಪಱಿಗೆ ಹಾಕಿದ್ದೆ. ಆದ್ರೆ ಸಾಮಾನ್ಯವಾಗಿ ನಾವು ಕತ್ತಲೆ ಹರೀತು ಅನ್ನಲ್ಲ, ಬೆಳಕು ಹರೀತು ಅಂತೀವಿ, ಹರಿದು ಬರ್ತಿರೋದು ಬೆಳಕು. ನಮ್ಮೂರಲ್ಲಿ ಬೆಳಿಗ್ಗೆ ಹೊಳೆ ದಂಡೆ ಮೇಲೆ ಒಮ್ಮೆ ನಿಂತು ನೋಡಿ, ಸೇತುವೆ ಆಚೆಯಿಂದ ಬೆಳಕು ನೀರಿನ ಮೇಲೆ ನಿಧಾನಕ್ಕೆ ತೆವಳ್ಕೊಂಡು ಬರುತ್ತೆ, ಹಾವಿನ ಹಾಗೆ. ಆವತ್ತು ಅದನ್ನ ಪರಿಗೆ ವರ್ಗಾಯಿಸಿದೆ. ಇದು ಪ್ರಮಾಣ ಅಲ್ಲ, ಗೊತ್ತು.

ಊರಿನ ಬಗ್ಗೆನೂ ಆಗ್ಲೇ ಕಣ್ಣು ತೆರೀತು. ಹರಿಹರೇಶ್ವರ ಗುಡಿ 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ ಕಟ್ಟಿಸಿದ್ದು, ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಅದು ಸಂಸ್ಕೃತದ ಹರಿ. ಪಕ್ಕದಲ್ಲಿ ತುಂಗಭದ್ರೆ ಹರೀತಾಳೆ, ಅದು ಪರಿ. ಅಲ್ಲೇ ಸೂಳೆಕೆರೆ ಕಡೆಯಿಂದ ಬಂದು ಸೇರೋ ಸಣ್ಣ ಹೊಳೆ ಹೆಸರು ಹರಿದ್ರಾ, ಅರಿಶಿನ. ಚಿಕ್ಕವನಿದ್ದಾಗ ನಾನದನ್ನ ಹರಿಯೋದ್ರಿಂದ ಹರಿದ್ರಾ ಅಂದ್ಕೊಂಡಿದ್ದೆ. ನಲವತ್ತು ವರ್ಷ ಮೂರೂ ಹರಿಗಳನ್ನ ಒಂದೇ ದಂಡೆ ಮೇಲೆ ನಿಂತು ನೋಡಿದೀನಿ, ಬೇರೆ ಬೇರೆ ಅಂತ ಗೊತ್ತಾಗಿಲ್ಲ.

ಆ ಮೇಷ್ಟ್ರಿಗೆ ಎರಡು ಪುಟ ಕಾಗದ ಬರೆದು ಹಾಕಿದೆ, ಕಾರ್ಡಿನಲ್ಲಿ ಊರು ಬೀದಿ ಇತ್ತು. ಉತ್ತರ ಬಂತು, ಮತ್ತೆ ಕಾರ್ಡು. 'ಹರಿಗೋಲು ಬಿಟ್ಟಿದ್ದೀರಿ' ಅಂತ ಮಾತ್ರ ಇತ್ತು.

ಇಂಟರ್ನ್ ಹುಡುಗಿ ಈಗ ಬೇರೆ ಕಡೆ ವರದಿಗಾರ್ತಿ. ತಪ್ಪಾಗಿ ಹೇಳಿಕೊಟ್ಟಿದ್ದಕ್ಕೆ ಫೋನ್ ಮಾಡಿ ಪೂರ್ತಿ ಕಥೆ ಹೇಳಿದೆ, ಅರ್ಧಗಂಟೆ ಕೇಳಿಸ್ಕೊಂಡು 'ಹಂಗಾದ್ರೆ ಬಸ್ ಹರಿದು ಅಂತಾನೇ ಬರೀಲಾ ಸರ್?' ಅಂದ್ಲು. ಬರಿಯಮ್ಮ ಅಂದೆ.

ಚೀಟಿ ಬರೆಯೋ ಚಟ ಹೋಗಿಲ್ಲ. ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಮೂರನೇ ಮಹಡಿಯವರು ಸೆಕ್ರೆಟರಿಗೆ ಹಾಕಿದ ಮೆಸೇಜ್ ಇದು: 'ಹರಿ ಸರ್, ಗಾರ್ಡನ್ ಪೈಪ್ ಹರಿದಿದೆ, ನೀರೆಲ್ಲ ಲಿಫ್ಟ್ ಕಡೆ ಹರೀತಿದೆ, ಹೋದ ತಿಂಗಳಿಂದ ಈ ಪ್ರಾಬ್ಲಂ ಬಗೆಹರಿದಿಲ್ಲ, ದಯವಿಟ್ಟು ಗಮನ ಹರಿಸಿ.' ಕಾಪಿ ಮಾಡಿ ಶೀಟಿಗೆ ಹಾಕಿದೆ, ಯಾವ ಕಾಲಂಗೆ ಅಂತ ಹೊಳೀದೆ ಸಾಲಿಗೆ ಸಾಲೇ ಮರ್ಜ್ ಮಾಡ್ಬೇಕಾಯ್ತು. ನಾನು ಅದ್ರಲ್ಲಿ ಮುಳುಗಿದ್ದಾಗ ಕೆಳಗಡೆ ನೀರು ಲಿಫ್ಟ್ ಗುಂಡಿಗೆ ಇಳಿದು ಲಿಫ್ಟೇ ನಿಂತೋಗಿತ್ತು, ಪ್ಲಂಬರ್ ಬಂದಿದ್ದು ಸಾಯಂಕಾಲ.